ಸಕ್ಕರೆಯೂ ಶರೀರವೂ

ಸಕ್ಕರೆಯನ್ನು ಬಹಳವಾಗಿ ತಿನ್ನಬಾರದೆಂದು ಮನೆಯ ಹಿರಿಯರು ಗದರಿಸುವುದನ್ನು ಕೇಳದ ವಿದ್ಯಾರ್ಥಿಗಳು ನಮ್ಮ ಶಾಲೆಯಲ್ಲಿ ಇರಲಾರರು. ಏಕೆ ತಿನ್ನಬಾರದೆಂದು ಕೇಳಿದರೆ ದೊರೆಯುವ ಉತ್ತರಗಳು ಸಾಮಾನ್ಯವಾಗಿ ಎರಡು: ಹಲ್ಲು ಹುಳುಕಾಗುತ್ತದೆ, ಇಲ್ಲವೆ ಮುಂದೆ ಸಿಹಿಮೂತ್ರರೋಗ ಬರುತ್ತದೆ. ಇವೆರಡೂ ಸುಳ್ಳಲ್ಲ. ಆದರೆ ಮಿತಿಮೀರಿದ ಸಕ್ಕರೆಯಿಂದ ಸದ್ದಿಲ್ಲದೆ ಕೆಡುವ ಇನ್ನೆರಡು ಅವಯವಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ಅವು ಯಕೃತ್ತು ಮತ್ತು ಹೃದಯ. ಯಕೃತ್ತನ್ನು ಪಿತ್ತಜನಕಾಂಗವೆಂದೂ ಕರೆಯುವರು. ವಿಜ್ಞಾನದ ಪಾಠದಲ್ಲಿ ಅದರ ಚಿತ್ರವನ್ನು ನಾವೆಲ್ಲ ಬರೆದಿರುತ್ತೇವೆ. ಪರೀಕ್ಷೆ ಮುಗಿದ ಮೇಲೆ ಅದನ್ನು ನೆನೆಯುವವರು ವಿರಳ.

ಈ ಲೇಖನವನ್ನು ಬರೆಯಲು ನಮಗೆ ಪ್ರೇರಣೆಯಾದುದು ಒಂದು ಸಣ್ಣ ಪ್ರಸಂಗ. ನಮಗೆ ಪರಿಚಿತರಾದ ಪಾಲಕರೊಬ್ಬರು ಹೊಟೆಲಿನಲ್ಲಿ ಚಹಾ ಮಾಡುವ ಕೆಲಸದಲ್ಲಿದ್ದಾರೆ. ಎಳೆಯ ವಯಸ್ಸಿನಲ್ಲಿಯೇ ಕರಾವಳಿಯ ಹಳ್ಳಿಯನ್ನು ಬಿಟ್ಟು ಮುಂಬಯಿಗೆ ಬಂದವರು. ತೆಳ್ಳನೆಯ ಆಳು, ಬೀಡಿ ಸೇದುವವರಲ್ಲ, ಮದ್ಯವನ್ನಂತೂ ಕೈಯಿಂದ ಮುಟ್ಟಿದವರಲ್ಲ. ಕಳೆದ ವರ್ಷ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗ ಸೋನೊಗ್ರಫಿ ಮಾಡಿದ ವೈದ್ಯರು, ನೋವು ಬರಿಯ ಅಜೀರ್ಣದ್ದೆಂದೂ ಆದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿದೆಯೆಂದೂ ಬರೆದುಕೊಟ್ಟರು. ಯಕೃತ್ತು ಕೆಟ್ಟಿದೆಯೆಂದ ಮೇಲೆ ಬಂಧುಗಳು ಕೇಳುವುದು ಒಂದೇ ಪ್ರಶ್ನೆಯಷ್ಟೆ. ಮನೆಯವರೂ ಒಂದು ಗಳಿಗೆ ಅನುಮಾನದಿಂದ ನೋಡಿದರಂತೆ. ಅವರು ನಮ್ಮಲ್ಲಿಗೆ ಬಂದು ಆ ಕಾಗದವನ್ನು ಮುಂದಿಟ್ಟು, “ನಾನು ಜನ್ಮದಲ್ಲಿ ಕುಡಿದದ್ದು ಚಾ ಒಂದೇ, ಮಾಷ್ಟ್ರೇ,” ಎಂದರು. ಉತ್ತರವು ಬಹುಮಟ್ಟಿಗೆ ಅವರ ಆ ಮಾತಿನಲ್ಲಿಯೇ ಇತ್ತು. ಅದು ಹೇಗೆಂಬುದನ್ನು ವಿವರಿಸುವುದೇ ಇಲ್ಲಿ ನಮ್ಮ ಉದ್ದೇಶ.

ಮೊದಲು ಸಕ್ಕರೆಯ ವಿಚಾರವನ್ನು ತಿಳಿಯೋಣ. ಸಕ್ಕರೆ ಎಂಬ ನಮ್ಮ ಮಾತು ಸಂಸ್ಕೃತದ ಶರ್ಕರಾ ಎಂಬುದರಿಂದ ಬಂದುದು. ಶರ್ಕರಾ ಎಂದರೆ ಮರಳು, ಸಣ್ಣ ಹರಳುಕಲ್ಲು. ಇಂಗ್ಲಿಷಿನ ಶುಗರ್ ಕೂಡ ಪಾರಸಿ, ಅರಬ್ಬಿ ಭಾಷೆಗಳ ಮೂಲಕ ಸುತ್ತಿ ಬಂದ ಇದೇ ಶಬ್ದವೆಂಬುದು ನಮಗೆ ಹೆಮ್ಮೆಯ ಸಂಗತಿಯೇ ಸರಿ. ಕಬ್ಬಿನ ರಸವನ್ನು ಕುದಿಸಿ ಹರಳುಗಟ್ಟಿಸುವ ವಿದ್ಯೆಯನ್ನು ಲೋಕಕ್ಕೆ ಕಲಿಸಿದ್ದು ನಮ್ಮ ದೇಶ. ಆದರೆ ಸಾವಿರಾರು ವರ್ಷಗಳ ಕಾಲ ಅದು ಹಬ್ಬಹರಿದಿನದ ವಸ್ತುವಾಗಿತ್ತೇ ಹೊರತು ದಿನಕ್ಕೆ ಹತ್ತು ಸಲ ನಾಲಿಗೆಗೆ ತಾಕುವ ವಸ್ತುವಾಗಿರಲಿಲ್ಲ. ದೊಡ್ಡ ಕಾರಖಾನೆಗಳು ಬಂದು ಸಕ್ಕರೆಯು ಅಗ್ಗವಾದ ಮೇಲೆ ಈ ಸ್ಥಿತಿ ಬದಲಾಯಿತು.

ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಸಕ್ಕರೆಯ ಒಂದೊಂದು ಅಣುವೂ ಎರಡು ಚಿಕ್ಕ ಶರ್ಕರಗಳ ಜೋಡಿ. ಒಂದರ ಹೆಸರು ಗ್ಲೂಕೋಸ್, ಇನ್ನೊಂದರ ಹೆಸರು ಫ್ರಕ್ಟೋಸ್. ಸಣ್ಣ ಕರುಳಿನಲ್ಲಿರುವ ಒಂದು ಕಿಣ್ವವು ಈ ಜೋಡಿಯನ್ನು ಬಿಡಿಸುತ್ತದೆ. ಅನ್ನ, ರೊಟ್ಟಿ, ಚಪಾತಿ, ಇಡ್ಲಿ ಮುಂತಾದವುಗಳಲ್ಲಿರುವ ಪಿಷ್ಟವು ಒಡೆದಾಗ ಗ್ಲೂಕೋಸ್ ಮಾತ್ರ ಹೊರಬೀಳುತ್ತದೆ. ಸಕ್ಕರೆಯು ಒಡೆದಾಗ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಈ ಒಂದು ವ್ಯತ್ಯಾಸವನ್ನು ಓದುಗರು ಚೆನ್ನಾಗಿ ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಗ್ಲೂಕೋಸು ದೇಹದ ಎಲ್ಲ ಜೀವಕೋಶಗಳಿಗೂ ಬೇಕಾದ ಇಂಧನ. ಮೆದುಳು, ಸ್ನಾಯು, ಕೆಂಪು ರಕ್ತಕಣಗಳು ಎಲ್ಲವೂ ಅದನ್ನು ಎಳೆದುಕೊಂಡು ಉರಿಸುತ್ತವೆ. ಫ್ರಕ್ಟೋಸಿನ ರೀತಿಯೇ ಬೇರೆ. ಅದನ್ನು ಹೆಚ್ಚಾಗಿ ಬಳಸಿಕೊಳ್ಳುವ ಶಕ್ತಿ ಮೆದುಳಿಗೂ ಇಲ್ಲ, ಸ್ನಾಯುಗಳಿಗೂ ಇಲ್ಲ. ಸ್ವಲ್ಪ ಭಾಗವನ್ನು ಕರುಳಿನ ಗೋಡೆಯೇ ವಿಲೇವಾರಿ ಮಾಡುತ್ತದೆ. ಉಳಿದುದರಲ್ಲಿ ಬಹುಭಾಗವು ಯಕೃತ್ತಿನ ಪಾಲಿಗೆ ಬರುತ್ತದೆ. ಕರುಳಿನಿಂದ ಹೊರಟ ರಕ್ತವು ದೊಡ್ಡದೊಂದು ನಾಳದ ಮೂಲಕ ಮೊದಲು ಯಕೃತ್ತನ್ನು ಹೊಕ್ಕು, ಅನಂತರವೇ ಹೃದಯಕ್ಕೂ ಉಳಿದ ಶರೀರಕ್ಕೂ ಹೋಗುವುದರಿಂದ, ನಾವು ನುಂಗಿದ ಸಿಹಿಗೆಲ್ಲ ಮೊದಲ ಸುಂಕದಕಟ್ಟೆ ಯಕೃತ್ತೇ.

ವಯಸ್ಕರ ಯಕೃತ್ತು ಸುಮಾರು ಒಂದೂವರೆ ಕಿಲೋಗ್ರಾಮು ತೂಗುತ್ತದೆ. ಅದು ಸಕ್ಕರೆಯ ಉಗ್ರಾಣವೆಂಬುದನ್ನು ಕಂಡುಹಿಡಿದವನು ಫ್ರಾನ್ಸಿನ ಕ್ಲೋಡ್ ಬರ್ನಾರ್ ಎಂಬ ಶಾಸ್ತ್ರಜ್ಞ. 1848ರಲ್ಲಿ ಆತನು, ಬರಿಯ ಮಾಂಸವನ್ನು ತಿನ್ನಿಸಿ ಸಾಕಿದ ನಾಯಿಯ ಯಕೃತ್ತಿನಿಂದ ಹೊರಡುವ ರಕ್ತದಲ್ಲಿಯೂ ಸಕ್ಕರೆ ಇರುವುದನ್ನು ಕಂಡು ಬೆರಗಾದನು. ತಿನ್ನದ ಸಕ್ಕರೆ ಎಲ್ಲಿಂದ ಬಂತು? ಯಕೃತ್ತು ತಾನೇ ತಯಾರಿಸಿತು. 1857ರಲ್ಲಿ ಆ ಉಗ್ರಾಣದ ಸರಕನ್ನೂ ಆತನು ಬೇರ್ಪಡಿಸಿದನು. ಅದಕ್ಕೆ ಗ್ಲೈಕೋಜನ್ ಎಂದು ಹೆಸರಾಯಿತು. ಉಂಡ ಹೊತ್ತಿನಲ್ಲಿ ಹೆಚ್ಚಾದ ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವುದು, ಹಸಿದ ಹೊತ್ತಿನಲ್ಲಿ ಅದನ್ನು ಕರಗಿಸಿ ರಕ್ತಕ್ಕೆ ಬಿಡುವುದು, ಇದು ಯಕೃತ್ತಿನ ನಿತ್ಯಕರ್ಮ. ಆರೋಗ್ಯವಂತನ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸು ಹೆಚ್ಚುಕಡಿಮೆ ಒಂದು ಚಹಾ ಚಮಚೆಯಷ್ಟು ಮಾತ್ರ ಎಂದರೆ ಈ ಲೆಕ್ಕವು ಎಷ್ಟು ಸೂಕ್ಷ್ಮವಾದುದೆಂಬುದು ತಿಳಿದೀತು. ಉಗ್ರಾಣವೂ ಅಪಾರವಾದುದಲ್ಲ. ಸುಮಾರು 100 ಗ್ರಾಮು ಗ್ಲೈಕೋಜನ್ ತುಂಬಿತೆಂದರೆ ಯಕೃತ್ತಿನಲ್ಲಿ ಜಾಗ ಮುಗಿಯಿತು.

ಇನ್ನು ಕೇಡಿನ ಬಗೆಯನ್ನು ನೋಡೋಣ. ಗ್ಲೂಕೋಸು ಯಕೃತ್ತಿನ ಜೀವಕೋಶದಲ್ಲಿ ಉರಿಯುವ ದಾರಿಯಲ್ಲಿ ಒಂದು ಕಡೆ ದ್ವಾರಪಾಲಕನೊಬ್ಬನಿದ್ದಾನೆ ಎನ್ನಬಹುದು. ಅವನೂ ಒಂದು ಕಿಣ್ವವೇ. ಕೋಶದಲ್ಲಿ ಶಕ್ತಿಯು ಸಾಕಷ್ಟಿದ್ದರೆ ಅವನು ಬಾಗಿಲನ್ನು ಓರೆಮಾಡಿ, “ಇನ್ನು ಸಾಕು” ಎಂದು ತಡೆಯುತ್ತಾನೆ. ಫ್ರಕ್ಟೋಸಾದರೋ ಆ ಬಾಗಿಲಿಗೆ ಬರುವುದೇ ಇಲ್ಲ. ಅದು ಹಿತ್ತಲ ಬಾಗಿಲಿನಿಂದ ಒಳನುಗ್ಗಿ, ದ್ವಾರಪಾಲಕನನ್ನು ದಾಟಿದ ಜಾಗದಲ್ಲಿ ಹಾದಿಗೆ ಸೇರಿಕೊಳ್ಳುತ್ತದೆ. ಆದಕಾರಣ ಬೇಕಾಗಲಿ ಬೇಡವಾಗಲಿ, ಬಂದಷ್ಟನ್ನೂ ಯಕೃತ್ತು ಅರೆಯಲೇಬೇಕು. ಗ್ಲೈಕೋಜನ್ನಿನ ಉಗ್ರಾಣವು ತುಂಬಿದ್ದಾಗ ಹೀಗೆ ಅರೆದುದರಲ್ಲಿ ಒಂದು ಪಾಲು ಕೊಬ್ಬಾಗಿ ಮಾರ್ಪಡುತ್ತದೆ. ಸಕ್ಕರೆಯ ಇನ್ನರ್ಧವಾದ ಗ್ಲೂಕೋಸು ಈ ಕೆಲಸದಲ್ಲಿ ನೆರವಾಗುವುದೂ ಉಂಟು. ಅದು ರಕ್ತದಲ್ಲಿ ಏರಿದೊಡನೆ ಮೇದೋಜೀರಕಗ್ರಂಥಿಯು ಇನ್ಸುಲಿನ್ನನ್ನು ಸುರಿಸುತ್ತದೆ. ಇನ್ಸುಲಿನ್ ಯಕೃತ್ತಿಗೆ ಕೂಡಿಡು ಎಂದು ಆಜ್ಞೆ ಮಾಡುತ್ತದೆ. ಕೂಡಿಡುವ ಸರಕನ್ನು ಫ್ರಕ್ಟೋಸು ಒದಗಿಸುತ್ತದೆ. ಜೊತೆಗೆ ಫ್ರಕ್ಟೋಸನ್ನು ಅವಸರದಿಂದ ಅರೆಯುವಾಗ ಯೂರಿಕ್ ಆಮ್ಲವೆಂಬ ಕಶ್ಮಲವೂ ಹುಟ್ಟುತ್ತದೆ. ಕೀಲುನೋವಿನ ಒಂದು ಬಗೆಗೆ ಕಾರಣವಾಗುವ ವಸ್ತು ಇದೇ.

ಯಕೃತ್ತಿನ ತೂಕದಲ್ಲಿ ಕೊಬ್ಬಿನ ಪಾಲು ಶೇಕಡಾ 5ನ್ನು ದಾಟಿದರೆ ವೈದ್ಯರು ಅದನ್ನು ಕೊಬ್ಬುಗಟ್ಟಿದ ಯಕೃತ್ತೆಂದು ಕರೆಯುವರು. ಇಷ್ಟಾದರೂ ರೋಗಿಗೆ ಏನೂ ತಿಳಿಯುವುದಿಲ್ಲ. ಯಕೃತ್ತಿನ ಒಳಭಾಗದಲ್ಲಿ ನೋವನ್ನು ತಿಳಿಸುವ ನರಗಳಿಲ್ಲ. ಬಹುಜನರಲ್ಲಿ ರೋಗವು ಈ ಹಂತದಲ್ಲಿಯೇ ನಿಂತಿರಬಹುದು. ಕೆಲವರಲ್ಲಿ ಮಾತ್ರ ಕೊಬ್ಬಿನಿಂದ ಉರಿಯೂತ, ಉರಿಯೂತದಿಂದ ಗಾಯ, ಗಾಯ ಮಾಯ್ದ ಜಾಗದಲ್ಲಿ ಗಡುಸಾದ ನಾರು ಎಂಬ ಕ್ರಮದಲ್ಲಿ ಮುಂದುವರಿದು, ಹತ್ತಾರು ವರ್ಷಗಳಲ್ಲಿ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಅದು ಕುಡುಕರಿಗೆ ಬರುವ ಸಿರೋಸಿಸ್ಸೇ. ಕುಡಿಯದವರಲ್ಲಿಯೂ ಇಂತಹ ಯಕೃತ್ತನ್ನು ಕಂಡು 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರಾದ ಲುಡ್ವಿಗ್ ಮತ್ತು ಅವರ ಸಂಗಡಿಗರು ಅದಕ್ಕೊಂದು ಹೆಸರಿಟ್ಟರು. ಮದ್ಯಜನ್ಯವಲ್ಲದ್ದು ಎಂಬುದು ಆ ಹೆಸರಿನ ಮೊದಲ ಮಾತು. ಇಲ್ಲವೆಂದು ಹೇಳುವುದಕ್ಕಾದರೂ ಮದ್ಯದ ಹೆಸರನ್ನೆತ್ತಬೇಕಾಗಿ ಬಂದ ಈ ಪದವು ರೋಗಿಗಳಿಗೆ ಸಂಕೋಚವನ್ನು ತರುತ್ತಿತ್ತು. 2023ರಲ್ಲಿ ಹಲವು ದೇಶಗಳ ತಜ್ಞರು ಕೂಡಿ, ಚಯಾಪಚಯದ ಏರುಪೇರಿನಿಂದ ಬರುವ ಯಕೃತ್ತಿನ ರೋಗವೆಂಬ ಅರ್ಥದ ಹೊಸ ಹೆಸರನ್ನು ಗೊತ್ತುಮಾಡಿದರು. ನಮ್ಮ ಹೊಟೆಲಿನ ಮಿತ್ರರಿಗೆ ಈ ಸಂಗತಿಯನ್ನು ಹೇಳಿದಾಗ, ಆ ಹೊಸ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಿರೆಂದು ಕೇಳಿದರು. ಬರೆದುಕೊಟ್ಟೆವು.

ಭಾರತದಲ್ಲಿ ನಡೆದ ಅನೇಕ ಸಮೀಕ್ಷೆಗಳನ್ನು 2022ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪರೀಕ್ಷಿಸಲ್ಪಟ್ಟ ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕೊಬ್ಬುಗಟ್ಟಿದ ಯಕೃತ್ತು ಇರುವುದು ಕಂಡುಬಂದಿತು. ತೆಳ್ಳಗಿದ್ದವರು ಇದರಿಂದ ಪಾರೆಂದು ಭಾವಿಸಬಾರದು. ಯೂರೋಪಿಯನ್ನರಿಗೆ ಹೋಲಿಸಿದರೆ, ಅಷ್ಟೇ ತೂಕದ ನಮ್ಮವರಲ್ಲಿ ಹೊಟ್ಟೆಯ ಒಳಗಿನ ಕೊಬ್ಬು ಹೆಚ್ಚಾಗಿರುವುದು ಸಾಮಾನ್ಯ.

ಯಕೃತ್ತಿನಲ್ಲಿ ಹುಟ್ಟಿದ ಕೊಬ್ಬು ಅಲ್ಲಿಯೇ ಉಳಿದಿದ್ದರೆ ಹೃದಯದ ಮಾತನ್ನು ನಾವು ಎತ್ತಬೇಕಾಗಿರಲಿಲ್ಲ. ಯಕೃತ್ತು ತನ್ನ ಹೊರೆಯನ್ನು ಇಳಿಸಿಕೊಳ್ಳಲು ಆ ಕೊಬ್ಬನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ರಕ್ತಕ್ಕೆ ಸಾಗಿಸುತ್ತದೆ. ರಕ್ತಪರೀಕ್ಷೆಯ ಕಾಗದದಲ್ಲಿ ಟ್ರೈಗ್ಲಿಸರೈಡ್ ಎಂದು ಬರೆದಿರುವುದು ಈ ಕೊಬ್ಬನ್ನೇ. ಇದು ಹೆಚ್ಚಿದಾಗ ಧಮನಿಗಳನ್ನು ಶುಚಿಯಾಗಿಡುವುದೆಂದು ಹೆಸರಾದ ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ. ಕೆಟ್ಟ ಕೊಲೆಸ್ಟರಾಲಿನ ಕಣಗಳು ಗಾತ್ರದಲ್ಲಿ ಕಿರಿದಾಗಿ ಧಮನಿಯ ಗೋಡೆಯೊಳಕ್ಕೆ ಸುಲಭವಾಗಿ ನುಸುಳುತ್ತವೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕಗ್ರಂಥಿಯು ಇನ್ನಷ್ಟು ಇನ್ಸುಲಿನ್ನನ್ನು ಸುರಿಸಬೇಕಾಗುತ್ತದೆ. ರಕ್ತದ ಒತ್ತಡವೂ ಏರುವ ಸಂಭವವಿದೆ. ಹೃದಯಕ್ಕೇ ರಕ್ತವನ್ನು ಒದಗಿಸುವ ಧಮನಿಗಳು ಬಹಳ ಕಿರಿದಾದವು. ಅವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ, ಒಂದು ದಿನ ಆ ಪದರು ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದೇ ಹೃದಯಾಘಾತ. ಕೊಬ್ಬುಗಟ್ಟಿದ ಯಕೃತ್ತಿನ ರೋಗಿಗಳು ಹೆಚ್ಚಾಗಿ ಮರಣ ಹೊಂದುವುದು ಯಕೃತ್ತಿನ ತೊಂದರೆಯಿಂದಲ್ಲ, ಹೃದಯ ಮತ್ತು ರಕ್ತನಾಳಗಳ ರೋಗದಿಂದ ಎಂಬುದನ್ನು ಕೇಳಿದಾಗ ನಮಗೂ ಆಶ್ಚರ್ಯವಾಯಿತು.

2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಇದಕ್ಕೆ ಪುಷ್ಟಿಕೊಡುತ್ತದೆ. ತಮ್ಮ ಆಹಾರದ ಶಕ್ತಿಯಲ್ಲಿ ಶೇಕಡಾ 17ರಿಂದ 21ರಷ್ಟನ್ನು ಮೇಲೆ ಬೆರೆಸಿದ ಸಕ್ಕರೆಯಿಂದ ಪಡೆಯುತ್ತಿದ್ದವರು, ಸುಮಾರು ಶೇಕಡಾ 8ರಷ್ಟು ಪಡೆಯುತ್ತಿದ್ದವರಿಗಿಂತ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವ ಸಂಭವವು ಶೇಕಡಾ 38ರಷ್ಟು ಹೆಚ್ಚಾಗಿತ್ತು. ಇಂತಹ ಸಮೀಕ್ಷೆಗಳು ಎರಡು ಸಂಗತಿಗಳು ಜೊತೆಯಾಗಿ ನಡೆಯುವುದನ್ನು ತೋರಿಸುತ್ತವೆಯೇ ಹೊರತು ಒಂದರಿಂದಲೇ ಇನ್ನೊಂದಾಯಿತೆಂದು ಸಿದ್ಧಪಡಿಸಲಾರವು. ವಿಜ್ಞಾನದ ವಿದ್ಯಾರ್ಥಿಗಳು ಈ ಭೇದವನ್ನು ಮರೆಯಬಾರದು.

ಇಷ್ಟೊಂದು ಮಹತ್ವದ ವಿಷಯವು ಜನರಿಗೆ ಇಷ್ಟು ತಡವಾಗಿ ಏಕೆ ತಿಳಿಯಿತು? ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಆಹಾರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ಯುಡ್ಕಿನ್ ಎಂಬವರು 1950ರ ದಶಕದಿಂದಲೇ ಸಕ್ಕರೆಯ ಕಡೆಗೆ ಬೆರಳು ತೋರಿಸುತ್ತ ಬಂದರು. 1972ರಲ್ಲಿ ಜನಸಾಮಾನ್ಯರಿಗಾಗಿ ಒಂದು ಪುಸ್ತಕವನ್ನೂ ಬರೆದರು. ಅವರ ಮಾತಿಗೆ ಆಗ ಮನ್ನಣೆ ದೊರೆಯಲಿಲ್ಲ. ಹೃದ್ರೋಗಕ್ಕೆ ಬೆಣ್ಣೆ ತುಪ್ಪಗಳ ಕೊಬ್ಬೇ ಕಾರಣವೆಂಬ ವಾದವು ಬಲವಾಗಿತ್ತು. 1967ರಲ್ಲಿ ಹೆಸರಾಂತ ವೈದ್ಯಪತ್ರಿಕೆಯೊಂದರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಬರೆದ ವಿಮರ್ಶಾಲೇಖನವೂ ಸಕ್ಕರೆಯ ಮೇಲಿನ ಸಂದೇಹವನ್ನು ಹಗುರಮಾಡಿ, ಕೊಬ್ಬಿನ ಮೇಲೆ ಹೊರೆಯನ್ನು ಹೊರಿಸಿತು. ಆ ಬರವಣಿಗೆಗೆ ಸಕ್ಕರೆ ವ್ಯಾಪಾರಿಗಳ ಸಂಘವು ಹಣ ಕೊಟ್ಟಿತ್ತೆಂಬುದು ಹಳೆಯ ಪತ್ರವ್ಯವಹಾರದಿಂದ 2016ರಲ್ಲಿ ಬೆಳಕಿಗೆ ಬಂದಿತು. ಹಣದ ಮೂಲವನ್ನು ಪ್ರಕಟಿಸಬೇಕೆಂಬ ನಿಯಮವು 1967ರಲ್ಲಿ ಆ ಪತ್ರಿಕೆಗೆ ಇರಲಿಲ್ಲವೆಂಬುದೂ ನಿಜ. ಹಾಗೆಂದು ಕರಿದ ತಿಂಡಿ, ವನಸ್ಪತಿಗಳು ನಿರ್ದೋಷಿಗಳೆಂದು ಯಾರೂ ಹಿಗ್ಗಬೇಕಾಗಿಲ್ಲ. ಅವುಗಳ ಮೇಲಿನ ಆರೋಪವೂ ಹಾಗೆಯೇ ನಿಂತಿದೆ. ವಂಶಗುಣ, ಅತಿಯಾದ ಊಟ, ಮೈಮುರಿದು ಆಡದಿರುವುದು, ಇವುಗಳ ಪಾಲೂ ಇದರಲ್ಲಿ ಇದೆ.

ಈ ಲೇಖನದಲ್ಲಿ ನಮ್ಮ ಓದುಗರಿಗೆ ಎಲ್ಲಕ್ಕಿಂತ ಹತ್ತಿರವಾದ ಸಂಗತಿ ಇನ್ನು ಬರಲಿದೆ. ಏಕೆಂದರೆ ಅದು ಅವರ ವಯಸ್ಸಿನವರದೇ. ಕ್ಯಾಲಿಫೋರ್ನಿಯದಲ್ಲಿ 9ರಿಂದ 18 ವರ್ಷದ ಸ್ಥೂಲಕಾಯದ ಮಕ್ಕಳಿಗೆ ಒಂಬತ್ತು ದಿವಸ ಸಕ್ಕರೆಯನ್ನು ಬಹುಮಟ್ಟಿಗೆ ಕಡಿಮೆಮಾಡಿ, ಅದಕ್ಕೆ ಬದಲಾಗಿ ಅಷ್ಟೇ ಶಕ್ತಿಯ ಪಿಷ್ಟವನ್ನು ಕೊಟ್ಟರು. ಊಟವನ್ನು ಕಡಿಮೆಮಾಡಲಿಲ್ಲ, ತೂಕ ಇಳಿಯಬಾರದೆಂದೇ ನೋಡಿಕೊಂಡರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಯಕೃತ್ತಿನ ಕೊಬ್ಬಿನ ಮಧ್ಯಮ ಪ್ರಮಾಣವು ಶೇಕಡಾ 7.2ರಿಂದ 3.8ಕ್ಕೆ ಇಳಿದಿತ್ತು. ಅದೂ ಒಂಬತ್ತೇ ದಿವಸಗಳಲ್ಲಿ! 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಯಕೃತ್ತಿನಲ್ಲಿ ಕೊಬ್ಬು ಸೇರಿದ್ದ 11ರಿಂದ 16 ವರ್ಷದ 40 ಮಂದಿ ಹುಡುಗರನ್ನು ಎರಡು ಗುಂಪು ಮಾಡಿದರು. ಎಂಟು ವಾರ ಸಕ್ಕರೆಯನ್ನು ಬಿಟ್ಟ ಗುಂಪಿನಲ್ಲಿ ಕೊಬ್ಬು ಶೇಕಡಾ 25ರಿಂದ 17ಕ್ಕೆ ಇಳಿಯಿತು. ಎಂದಿನಂತೆ ತಿಂದ ಗುಂಪಿನಲ್ಲಿ 21ರಿಂದ 20ಕ್ಕೆ, ಅಂದರೆ ಇಳಿದೂ ಇಳಿಯದಂತೆ. ಗಾಯವಾಗಿ ನಾರುಗಟ್ಟುವುದಕ್ಕೆ ಮುಂಚೆ ಯಕೃತ್ತು ತನ್ನನ್ನು ತಾನು ಸರಿಪಡಿಸಿಕೊಳ್ಳಬಲ್ಲದು.

ಎಷ್ಟು ಸಕ್ಕರೆ ತಿಂದರೆ ಮಿತಿ? 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ದಿನದ ಆಹಾರಶಕ್ತಿಯಲ್ಲಿ ಬಿಡಿ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆಯಿರಬೇಕು, ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ಸಲಹೆ ಮಾಡಿತು. ವಯಸ್ಕರ ಲೆಕ್ಕದಲ್ಲಿ ಮೊದಲನೆಯದು ಸುಮಾರು 50 ಗ್ರಾಮು, ಎರಡನೆಯದು 25 ಗ್ರಾಮು. ಕಡಿಮೆ ಉಣ್ಣುವ ಮಕ್ಕಳಿಗೆ ಇನ್ನೂ ಕಡಿಮೆ. ನಮ್ಮ ತರಗತಿಯಲ್ಲಿ ಒಂದು ದಿನ ಕಪ್ಪುಹಲಗೆಯ ಮೇಲೆ ಈ ಲೆಕ್ಕವನ್ನು ಮಾಡಿನೋಡಿದೆವು. ಒಂದು ಚಮಚೆಗೆ 5 ಗ್ರಾಮೆಂದು ಹಿಡಿದರೆ ಬೆಳಗಿನ ಹಾಲು ಅಥವಾ ಚಹಾದಲ್ಲಿ ಎರಡು ಚಮಚೆ, 10 ಗ್ರಾಮು. ಬ್ರೆಡ್ಡಿಗೆ ಸವರಿದ ಜಾಮು, 10. ಸಿಹಿ ಬಿಸ್ಕತ್ತಿನ ಒಂದು ಸಣ್ಣ ಪೊಟ್ಟಣ, 12. ಶಾಲೆ ಬಿಟ್ಟ ಮೇಲೆ 300 ಮಿಲಿಲೀಟರಿನ ಬಣ್ಣದ ಪಾನೀಯ, 32. ಸಂಜೆಯ ಚಹಾ, 8. ಒಟ್ಟು 72 ಗ್ರಾಮು. ಇದರಲ್ಲಿ ಲಾಡು, ಜಿಲೇಬಿ, ಐಸ್‌ಕ್ರೀಮುಗಳ ಹೆಸರೇ ಬಂದಿಲ್ಲ. ಯಾರನ್ನು ಕೇಳಿದರೂ “ಇವತ್ತು ನಾನು ಸಿಹಿ ತಿಂದಿಲ್ಲ” ಎಂದೇ ಹೇಳುವ ದಿನ ಅದು! ಲೆಕ್ಕದಲ್ಲಿ ಹುಷಾರಾದ ಒಬ್ಬ ಹುಡುಗಿ ಎದ್ದು ನಿಂತು, ಟೊಮೇಟೊ ಸಾಸನ್ನು ಬಿಟ್ಟುಬಿಟ್ಟಿರಿ ಎಂದಳು. ಆಕೆಯ ಮಾತು ಸರಿಯಾಗಿತ್ತು. ದೊಡ್ಡ ಒಂದು ಚಮಚೆ ಸಾಸಿನಲ್ಲಿ ಹತ್ತಿರ ಹತ್ತಿರ 4 ಗ್ರಾಮು ಸಕ್ಕರೆಯಿದೆ.

ಹಬ್ಬದ ಹೋಳಿಗೆಯ ಮೇಲೆ ನಮಗೆ ಸಿಟ್ಟಿಲ್ಲ. ವರ್ಷಕ್ಕೊಮ್ಮೆ ಬರುವ ಸಂಕ್ರಾಂತಿಯ ಎಳ್ಳುಬೆಲ್ಲದಿಂದ ಯಾರ ಯಕೃತ್ತೂ ಕೆಡುವುದಿಲ್ಲ. ದಿನವೂ ಲೆಕ್ಕಕ್ಕೆ ಸಿಕ್ಕದೆ ಒಳಸೇರುವ ಸಿಹಿಯೇ, ಅದರಲ್ಲಿಯೂ ಕುಡಿಯುವ ಸಿಹಿಯೇ, ಹೆಚ್ಚಿನ ಕೇಡನ್ನು ಮಾಡುವುದು. ಕುಡಿದ ಸಕ್ಕರೆಯು ಹೊಟ್ಟೆಯಲ್ಲಿ ತಡೆಯದೆ ಬೇಗನೆ ಯಕೃತ್ತಿಗೆ ನುಗ್ಗುತ್ತದೆ, ಹಸಿವನ್ನೂ ತಣಿಸುವುದಿಲ್ಲ. ಹಣ್ಣಿನಲ್ಲಿಯೂ ಫ್ರಕ್ಟೋಸು ಇಲ್ಲವೆ ಎಂದು ಕೇಳಬಹುದು. ಇದೆ. ಆದರೆ ಇಡಿಯ ಹಣ್ಣನ್ನು ಅಗಿದು ತಿಂದಾಗ ನಾರಿನೊಡನೆ ಅದು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಒಂದು ಕಿತ್ತಳೆ ತಿಂದವರು ಇನ್ನೈದನ್ನು ತಿನ್ನುವುದು ಕಷ್ಟ. ಹಿಂಡಿ ಸೋಸಿದರೆ ಐದೂ ಒಂದೇ ಗ್ಲಾಸಿನಲ್ಲಿ ಮುಗಿಯುತ್ತವೆ. ಆದುದರಿಂದಲೇ ಹಣ್ಣಿನ ರಸವನ್ನೂ ಜೇನುತುಪ್ಪವನ್ನೂ ಆ ಸಂಸ್ಥೆಯು ಬಿಡಿ ಸಕ್ಕರೆಯ ಪಟ್ಟಿಯಲ್ಲಿಯೇ ಸೇರಿಸಿದೆ. ಬೆಲ್ಲದ ವಿಷಯದಲ್ಲಿ ನಮ್ಮವರಿಗೆ ಒಂದು ಮೋಹವಿದೆ. ಬಂದವರಿಗೆ ಬೆಲ್ಲನೀರು ಕೊಡುವ ನಾಡಿನವರು ನಾವು; ಮೋಹವು ಸಹಜವೇ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣವೂ ಇತರ ಖನಿಜಗಳೂ ಉಂಟು. ಆದರೆ ಅದರ ಬಹುಭಾಗವು ಅದೇ ಸಕ್ಕರೆ. ಯಕೃತ್ತು ಅದನ್ನು ಬಣ್ಣ ನೋಡಿ ಬೇರೆಯಾಗಿ ಉಪಚರಿಸುವುದಿಲ್ಲ.

ಪೊಟ್ಟಣದ ಹಿಂದೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಕೋಷ್ಟಕವನ್ನು ಓದುವ ಅಭ್ಯಾಸವನ್ನು ವಿದ್ಯಾರ್ಥಿಗಳು ಮಾಡಿಕೊಂಡರೆ ಬಹಳ ತಿಳಿಯುತ್ತದೆ. ಅಲ್ಲಿ ಸಕ್ಕರೆಯು ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಮುಂತಾದ ವೇಷಗಳಲ್ಲಿಯೂ ಇರುವುದುಂಟು. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಪರೀಕ್ಷಾ ಮಂಡಳಿಯು ತನ್ನ ಶಾಲೆಗಳಲ್ಲಿ ಸಕ್ಕರೆಯ ಫಲಕಗಳನ್ನು ತೂಗುಹಾಕಬೇಕೆಂದು ಸೂಚಿಸಿತು. ಯಾವ ತಿಂಡಿಯಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆಯಿದೆಯೆಂದು ಆ ಫಲಕದಲ್ಲಿ ಬರೆದಿರಬೇಕು. ನಮ್ಮ ಕಪ್ಪುಹಲಗೆಯ ಲೆಕ್ಕವನ್ನು ವಿದ್ಯಾರ್ಥಿಗಳೇ ದಪ್ಪ ಕಾಗದದ ಮೇಲೆ ಬರೆದು ನೀರಿನ ನಲ್ಲಿಯ ಬಳಿ ಅಂಟಿಸಿದ್ದಾರೆ. ಅಕ್ಷರಗಳು ಇನ್ನೂ ಸ್ವಲ್ಪ ದುಂಡಾಗಿರಬಹುದಿತ್ತು.

ಹೊಟೆಲಿನ ಮಿತ್ರರ ಲೆಕ್ಕವನ್ನೂ ಅವರ ಎದುರಿಗೇ ಮಾಡಿದೆವು. ಒಲೆಯ ಮುಂದೆ ನಿಂತು ಅವರು ದಿನಕ್ಕೆ ಕುಡಿಯುತ್ತಿದ್ದುದು ಕನಿಷ್ಠ ಹನ್ನೆರಡು ಅರ್ಧ ಗ್ಲಾಸು ಚಹಾ. ರುಚಿ ನೋಡುವುದೇ ಅವರ ಕೆಲಸವಷ್ಟೆ. ಹಸಿವೆಯಾದಾಗಲೂ ಅದೇ, ನಿದ್ದೆ ಬಂದಾಗಲೂ ಅದೇ. ಗ್ಲಾಸಿಗೆ 8 ಗ್ರಾಮಿನಂತೆ ದಿನಕ್ಕೆ 96 ಗ್ರಾಮು, ವರ್ಷಕ್ಕೆ 35 ಕಿಲೋಗ್ರಾಮು ಸಕ್ಕರೆ. ಅವರ ತೂಕ 62 ಕಿಲೋಗ್ರಾಮು. ಕಾಗದವನ್ನು ಬಹಳ ಹೊತ್ತು ನೋಡಿ, ಒಂದು ಮೂಟೆಗೆ ಸ್ವಲ್ಪ ಕಡಿಮೆ ಎಂದರು. ವೈದ್ಯರ ಸಲಹೆಯಂತೆ ಈಗ ದಿನಕ್ಕೆ ಎರಡೇ ಗ್ಲಾಸು, ಅದೂ ಅರ್ಧ ಚಮಚೆ ಸಕ್ಕರೆಯದು. ರಾತ್ರಿ ಕೆಲಸ ಮುಗಿದ ಮೇಲೆ ಮನೆಗೆ ನಡೆದೇ ಹೋಗುತ್ತಾರೆ. ಆರು ತಿಂಗಳ ಮೇಲೆ ಮಾಡಿಸಿದ ಸೋನೊಗ್ರಫಿಯಲ್ಲಿ ಯಕೃತ್ತಿನ ಕೊಬ್ಬು ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಇಳಿದಿದೆ. ಗಿರಾಕಿಗಳಿಗೆ ಕೊಡುವ ಚಹಾದ ರುಚಿಯನ್ನು ಚಮಚೆಯ ತುದಿಯಲ್ಲಿ ನೋಡುತ್ತಾರಂತೆ. ಮುಂದಿನ ಪರೀಕ್ಷೆ ಜೂನ್ ತಿಂಗಳಿನಲ್ಲಿದೆ.